ಓದುಗರ ಪತ್ರ, ಲೈಬ್ರರಿ ಮೇಡಂ ಉತ್ತರ: ‘ರೈಲು ಓಡುತ್ತೆ, ನೀನೇನು ಓಡ್ತೀಯಾ?’

ಕಾಲೇಜು ಲೈಬ್ರರಿಯಲ್ಲಿ 31 ವರ್ಷ ಕೂತು ಎದ್ದವಳು ನಾನು. ಈಗ ಸರಸ್ವತಿಪುರಂನ ಮನೆಯಲ್ಲಿ ಕೂತು ನಿಮ್ಮ ಪತ್ರ ಓದುತ್ತೇನೆ. ಈ ಸಲ ಬಂದಿದ್ದರಲ್ಲಿ ಮುಕ್ಕಾಲು ಪಾಲು ಕಾಲೇಜು ಮಕ್ಕಳದೇ. ಪರೀಕ್ಷೆ ಬಗ್ಗೆ ಮಾತ್ರ ಒಬ್ಬರೂ ಕೇಳಿಲ್ಲ. ಇರಲಿ ಬಿಡಿ.

ಪ್ರಶ್ನೆ: ನಾನು ಪಾಂಡವಪುರದ ಹತ್ತಿರದ ಹಳ್ಳಿಯವಳು. ಮೈಸೂರಿನಲ್ಲಿ ಬಿ.ಎಸ್ಸಿ. ಎರಡನೇ ವರ್ಷ. ಐದಕ್ಕೆ ಎದ್ದು ಕೊಟ್ಟಿಗೆ ಕೆಲಸ ಮುಗಿಸಿ, ಹಾಲು ಡೈರಿಗೆ ಹಾಕಿ, ಆರೂಮುಕ್ಕಾಲಿಗೆ ಮನೆ ಬಿಡುತ್ತೇನೆ. ಸ್ಟೇಷನ್‌ವರೆಗೆ ಅಪ್ಪನ ಬೈಕು, ಆಮೇಲೆ ರೈಲು. ಸಂಜೆ ಮನೆ ಸೇರುವಾಗ ಏಳೂಕಾಲು. ಚಪ್ಪಲಿ ಬಿಡುವಷ್ಟರಲ್ಲಿ ಅಮ್ಮ, ‘ಇಷ್ಟೊತ್ತು ಕೂತ್ಕೊಂಡೇ ಬಂದ್ಯಲ್ಲ, ಸ್ವಲ್ಪ ಹಿಟ್ಟು ತೊಳಸು’ ಅನ್ನುತ್ತಾರೆ. ತಮ್ಮ ಪಿಯುಸಿ. ಅವನಿಗೆ ಏನೂ ಹೇಳುವುದಿಲ್ಲ, ಅವನು ಓದುತ್ತಿದ್ದಾನಂತೆ! ನನ್ನ ಗೆಳತಿಯರೆಲ್ಲ ಪಿ.ಜಿ.ಯಲ್ಲಿ (ಪೇಯಿಂಗ್ ಗೆಸ್ಟ್ ಆಗಿ) ಇದ್ದಾರೆ. ಪ್ರಾಕ್ಟಿಕಲ್ ಮುಗಿಸಿ ಅವರು ಕುಕ್ಕರಹಳ್ಳಿ ಕೆರೆ ಕಡೆ ಹೊರಟರೆ ನಾನು ಸ್ಟೇಷನ್ ಕಡೆ ಓಡುತ್ತಿರುತ್ತೇನೆ. ನನಗೆ ‘ಪ್ಯಾಸೆಂಜರ್’ ಅಂತ ಹೆಸರಿಟ್ಟಿದ್ದಾರೆ. ಪಿ.ಜಿ.ಗೆ ಸೇರಿಸಿ ಅಂದರೆ ಅಪ್ಪ, ‘ಕಾಸು ಖರ್ಚಿಲ್ಲದೆ ಓಡಾಡ್ತಿದ್ದೀಯ, ಇನ್ನೇನು ಕಷ್ಟ?’ ಅನ್ನುತ್ತಾರೆ. ಹೇಗೆ ಒಪ್ಪಿಸಲಿ?
ಹೆಸರು ಬೇಡ, ಪಾಂಡವಪುರ ತಾಲ್ಲೂಕು

ಉತ್ತರ: ಪ್ಯಾಸೆಂಜರ್ ಮಗಳೇ, ಅಪ್ಪನ ಜೊತೆ ಕಾಸಿನ ವಾದಕ್ಕೆ ಮಾತ್ರ ಇಳಿಯಬೇಡ. ಸೋತುಹೋಗ್ತೀಯ. ಡಿಗ್ರಿ ಮುಗಿಯುವವರೆಗೂ ಹೆಣ್ಣುಮಕ್ಕಳಿಗೆ ಮನೆಯಿಂದ ಕಾಲೇಜಿಗೆ ಓಡಾಡಲು ರೈಲಿನ ಎರಡನೇ ದರ್ಜೆಯ ತಿಂಗಳ ಪಾಸು ಉಚಿತ. ರೈಲು ತಪ್ಪಿದರೆ ಸರ್ಕಾರಿ ಬಸ್ಸು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಅದೂ ಉಚಿತ. ಪಿ.ಜಿ. ಅಂದರೆ ಅಡ್ವಾನ್ಸು, ಬಾಡಿಗೆ, ಭಾನುವಾರ ರಾತ್ರಿ ಊಟ ಹೊರಗೆ. ಈ ಎರಡನ್ನೂ ಪಕ್ಕಪಕ್ಕ ಇಟ್ಟರೆ ಪಂಚಾಯ್ತಿ ಅಲ್ಲಿಗೇ ಮುಗೀತು.

ನಿನ್ನ ಹತ್ತಿರ ಇರುವುದು ಹೊತ್ತಿನ ಲೆಕ್ಕ. ಆರೂಮುಕ್ಕಾಲಿಂದ ಏಳೂಕಾಲು ಅಂದರೆ ಹನ್ನೆರಡೂವರೆ ಗಂಟೆ. ಪಾಠ, ಪ್ರಾಕ್ಟಿಕಲ್ ಸೇರಿ ಆರು ಗಂಟೆ ಅಂದುಕೊಳ್ಳೋಣ. ಉಳಿದ ಆರೂವರೆ ಗಂಟೆ ಎಲ್ಲಿ ಹೋಯ್ತು? ಪಾಂಡವಪುರದಿಂದ ಮೈಸೂರಿಗೆ ರೈಲಿನ ಪ್ರಯಾಣ ಮುಕ್ಕಾಲು ಗಂಟೆ ಹಿಡಿದರೂ, ಹೋಗಿ ಬರೋದು ಒಂದೂವರೆ. ಮಿಕ್ಕಿದ್ದೆಲ್ಲ ನಡೆಯೋದು, ಕಾಯೋದು. ಪ್ಲಾಟ್‌ಫಾರಂ ಮೇಲೆ, ಬೀಗ ಹಾಕಿದ ಲ್ಯಾಬಿನ ಮುಂದೆ, ಮತ್ತೆ ಪ್ಲಾಟ್‌ಫಾರಂ ಮೇಲೆ. ನಿನ್ನ ಮನೆಯವರು ಇದನ್ನು ಕಂಡಿಲ್ಲ. ಅವರ ಕಣ್ಣಿಗೆ ಬೀಳುವುದು ಬ್ಯಾಗು ಹಾಕಿಕೊಂಡು ಹೋದ ಮಗಳು, ಬ್ಯಾಗು ಹಾಕಿಕೊಂಡು ಬಂದ ಮಗಳು. ಅಷ್ಟೇ.

ಇದು ನನಗೆ ಗೊತ್ತಾಗಿದ್ದು 1981ರಲ್ಲಿ. ಆಗ ನಾನು ಶ್ರೀರಂಗಪಟ್ಟಣದಿಂದ ಮೈಸೂರಿಗೆ ಓಡಾಡುತ್ತಿದ್ದೆ. ನಿನ್ನ ರೈಲು ಕಾವೇರಿಯನ್ನು ಎರಡು ಸಲ ದಾಟುತ್ತೆ, ನನ್ನದು ಒಂದೇ ಸಲ. ಆಗಿನ್ನೂ ಮೀಟರ್ ಗೇಜ್. ಮನೆಗೆ ಬಂದು ಸುಸ್ತು ಅಂದರೆ ಅಮ್ಮ, ‘ರೈಲು ಓಡುತ್ತೆ, ನೀನೇನು ಓಡ್ತೀಯಾ?’ ಅನ್ನೋಳು. ದಿನವಿಡೀ ಗದ್ದೆಯಲ್ಲಿ ಬಗ್ಗಿ ಕಳೆ ಕಿತ್ತು ಬಂದವಳು. ಅವಳಿಗೆ ಎದುರಾಡೋಕೆ ನನಗೂ ಬಾಯಿ ಬರುತ್ತಿರಲಿಲ್ಲ.

ಒಂದು ಸಲ ಚಿಕ್ಕಮ್ಮನ ಮದುವೆಗೆ ಬಳೆ, ಅರಿಶಿನ, ಎಲೆ ಅಡಿಕೆ ಅಂತ ದೇವರಾಜ ಮಾರುಕಟ್ಟೆಗೆ ಹೋಗಬೇಕಿತ್ತು. ಅಮ್ಮ ನನ್ನ ಜೊತೆಯೇ ಬೆಳಗಿನ ರೈಲು ಹತ್ತಿದಳು. ಸೀಟು ಸಿಗಲಿಲ್ಲ. ಹೊಳೆ ದಾಟುವಾಗ ನಾಲ್ಕಾಣೆ ಎಸೆದು ಕೈ ಮುಗಿದಳು. ಹನ್ನೆರಡರೊಳಗೆ ಸಂತೆ ಮುಗೀತು. ಒಬ್ಬಳೇ ವಾಪಸ್ ಹೋಗೋಕೆ ಧೈರ್ಯ ಇಲ್ಲ. ಲ್ಯಾಬಿನ ಹೊರಗಿನ ಕಲ್ಲು ಬೆಂಚಿನ ಮೇಲೆ ಚೀಲ ತಬ್ಬಿಕೊಂಡು ನಾಲ್ಕರವರೆಗೂ ಕೂತಳು. ನಾನು ಡಬ್ಬಿಯ ಆರಿದ ಚಿತ್ರಾನ್ನ ನಿಂತುಕೊಂಡೇ ತಿಂದದ್ದನ್ನು ನೋಡಿದಳು. ಆಮೇಲೆ ಸ್ಟೇಷನ್ನಿನಲ್ಲಿ ಇನ್ನೊಂದು ಗಂಟೆ. ನಾಗನಹಳ್ಳಿ ಬರುವಷ್ಟರಲ್ಲಿ ನನ್ನ ಹೆಗಲ ಮೇಲೆ ತೂಕಡಿಸುತ್ತಿದ್ದಳು. ಕಣ್ಣು ಬಿಟ್ಟು, ‘ದಿನಾ ಹಿಂಗೇನಾ?’ ಅಂದಳು. ‘ಹೂಂ’ ಅಂದೆ. ಇನ್ನೇನೂ ಮಾತಾಡಲಿಲ್ಲ.

ಮಾರನೇ ದಿನ ನಾನು ಏಳುವಷ್ಟರಲ್ಲಿ ನೀರೊಲೆ ಉರಿಯುತ್ತಿತ್ತು. ಅದು ನನ್ನ ಕೆಲಸವಾಗಿತ್ತು. ಡಿಗ್ರಿ ಮುಗಿಯುವ ತನಕ ಮತ್ತೆ ನನ್ನ ಪಾಲಿಗೆ ಬರಲಿಲ್ಲ. ಯಾಕೆ ಅಂತ ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹಾಗಾಗಿ ಒಂದು ದಿನ ಅಮ್ಮನನ್ನು ಕರೆದುಕೊಂಡು ಹೋಗು. ಅಪ್ಪ ಬೇಡ, ಗಂಡಸರು ಸ್ಟೇಷನ್ನಿನಲ್ಲೇ ಯಾರಾದರೂ ಸಿಕ್ಕರೆ ನಿಂತುಬಿಡುತ್ತಾರೆ. ಪ್ರಾಕ್ಟಿಕಲ್ ಇರುವ ದಿನವೇ ಆಗಲಿ. ಅವತ್ತು ನಿನ್ನ ಕಷ್ಟದ ಬಗ್ಗೆ ಒಂದು ಮಾತೂ ಆಡಬೇಡ. ಸುಮ್ನೆ ಜೊತೆಗಿರು. ಹಾಲು ತಮ್ಮ ಹಾಕಲಿ. ಫ್ಯಾಟ್ ಎಷ್ಟು ಬಂತು ಅಂತ ಚೀಟಿ ನೋಡಿಕೊಂಡು ಬರೋದು ಪಿಯುಸಿ ಹುಡುಗನಿಗೆ ಕಷ್ಟವೇನಲ್ಲ. ಒಂದು ದಿನ ಹಾಕಿದವನು ವಾರದಲ್ಲಿ ಮೂರು ದಿನವೂ ಹಾಕಬಹುದು ಅಂತ ಆಮೇಲೆ ಮೆಲ್ಲಗೆ ಮಾತು ತೆಗಿ.

ಹೊತ್ತಿನ ಲೆಕ್ಕ ಕಾಗದದ ಮೇಲೆ ಬರೆಯುವಾಗ ಪಕ್ಕದಲ್ಲಿ ಅಮ್ಮನದೂ ಬರೆ. ಅವರು ಎಷ್ಟಕ್ಕೆ ಎದ್ದರು, ಎಷ್ಟಕ್ಕೆ ಮಲಗಿದರು. ಅವರದು ನಿನಗಿಂತ ಉದ್ದ ಬಂದರೂ ಬರಬಹುದು. ಆಗ ಹಿಟ್ಟು ತೊಳಸೋದು ಯಾರ ಕೆಲಸ ಅನ್ನುವ ಪ್ರಶ್ನೆ ನಿಮ್ಮಿಬ್ಬರ ನಡುವೆ ಇರೋದಿಲ್ಲ, ಮನೆಯಲ್ಲಿರುವ ಇನ್ನಿಬ್ಬರ ಕಡೆ ತಿರುಗುತ್ತೆ.

ಪಿ.ಜಿ.ಗಿಂತ ಮೊದಲು ಸರ್ಕಾರಿ ಹಾಸ್ಟೆಲ್ ನೋಡು. ನಿನ್ನ ಜಾತಿ, ಆದಾಯದ ವಿಷಯ ಬರೆದಿಲ್ಲ. ಹಿಂದುಳಿದ ವರ್ಗಕ್ಕೆ ಸೇರಿ ಆದಾಯ ಮಿತಿಯೊಳಗಿದ್ದರೆ ಮೆಟ್ರಿಕ್ ನಂತರದ ಬಾಲಕಿಯರ ಹಾಸ್ಟೆಲ್‌ಗೆ ಅರ್ಜಿ ಹಾಕಬಹುದು, ಊಟ ವಸತಿ ಉಚಿತ. ಅಲ್ಲಿ ಸೀಟು ಸಿಗದವರಿಗೆ ವಿದ್ಯಾಸಿರಿ ಅಂತ ಇದೆ, ತಿಂಗಳಿಗೆ 1500 ರೂಪಾಯಿಯಂತೆ 10 ತಿಂಗಳು. ಆ ಅರ್ಜಿ ಕೈಯಲ್ಲಿ ಹಿಡಿದು ಹೋದರೆ ಆಗ ಅಪ್ಪನ ಜೊತೆ ಕಾಸಿನ ಮಾತಾಡು, ಬೇಡ ಅನ್ನಲ್ಲ.

ಗೆಳತಿಯರ ವಿಷಯ. ಹದಿನೈದು ದಿನಕ್ಕೊಮ್ಮೆ ಮನೆಯಲ್ಲಿ ಹೇಳಿಯೇ ತಡವಾಗಿ ಬಾ. ಸ್ಪೆಷಲ್ ಕ್ಲಾಸ್ ಅಂತ ಸುಳ್ಳು ಮಾತ್ರ ಬೇಡ. ನಾನು ಹಾಗೆ ಹೇಳಿ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದ್ದೆ. ನಂದಿಗಿಂತ ಸ್ವಲ್ಪ ಕೆಳಗೆ ಪಕ್ಕದ ಮನೆಯಾಕೆ ಬಗ್ಗಿಕೊಂಡು ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚುತ್ತಿದ್ದರು. ಹರಕೆಯಂತೆ. ಮೆಲ್ಲಗೆ ದಾಟಿ ಹೋಗೋಣ ಅಂದುಕೊಂಡೆವು. ಅಷ್ಟರಲ್ಲಿ ತಲೆ ಎತ್ತಿದರು. ಮುಂದಿನದು ಬರೆಯೋದಿಲ್ಲ.

ಇನ್ನೊಂದು ಉಪಾಯ. ಒಂದು ಭಾನುವಾರ ಗೆಳತಿಯರನ್ನೇ ಪ್ಯಾಸೆಂಜರ್ ಮಾಡು. ಕುಂತಿ ಬೆಟ್ಟ ಹತ್ತಿಸು, ಆಲೆಮನೆಗೆ ಕರೆದುಕೊಂಡು ಹೋಗಿ ಬಿಸಿ ಬೆಲ್ಲ ತಿನ್ನಿಸು. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಬೀಡು ಬಿಟ್ಟಿದ್ದಕ್ಕೆ ಬ್ರಿಟಿಷರು ನಿಮ್ಮೂರನ್ನು ಫ್ರೆಂಚ್ ರಾಕ್ಸ್ ಅನ್ನುತ್ತಿದ್ದರು ಅಂತ ಹೇಳಿದರೆ ನಿನ್ನ ಬೆಲೆಯೂ ಸ್ವಲ್ಪ ಜಾಸ್ತಿ ಆಗುತ್ತೆ.

ಪ್ರಶ್ನೆ: ಮಂಡ್ಯದಲ್ಲಿ ಬಿ.ಕಾಂ. ಓದುತ್ತಿದ್ದೇನೆ. ನಾವು ಐದು ಜನ ಗೆಳೆಯರು. ಗೋಬಿ, ಟೀ, ಬೈಕಿಗೆ ಪೆಟ್ರೋಲು ಎಲ್ಲಕ್ಕೂ ನನ್ನ ಫೋನಿನಿಂದಲೇ ಸ್ಕ್ಯಾನ್ ಮಾಡಿಸುತ್ತಾರೆ. ‘ಆಮೇಲೆ ಹಾಕ್ತೀನಿ ಮಗಾ’ ಅನ್ನುತ್ತಾರೆ. ಎರಡು ತಿಂಗಳಲ್ಲಿ 2,340 ರೂಪಾಯಿ ಬರಬೇಕು. ಅಪ್ಪ ಕಬ್ಬು ಬೆಳೆಯುವವರು. ಕೇಳಿದರೆ ಜಿಪುಣ ಅನ್ನುತ್ತಾರೆ ಅಂತ ಭಯ.
ಒಬ್ಬ ಓದುಗ, ಮಂಡ್ಯ

ಉತ್ತರ: ಬಿ.ಕಾಂ. ಹುಡುಗ, ಲೆಕ್ಕ ರೂಪಾಯಿ ಬಿಡದೆ ಇಟ್ಟಿದ್ದೀಯ. ಭೇಷ್!

ಲೈಬ್ರರಿಯಲ್ಲಿ ನಾವು ದಿನಕ್ಕೆ ನಾಲ್ಕಾಣೆ ಫೈನ್ ಹಾಕುತ್ತಿದ್ದೆವು. ಆರೇಳು ರೂಪಾಯಿ ಫೈನ್ ಬೆಳೆದ ಹುಡುಗರು ಪುಸ್ತಕವನ್ನೂ ತರುತ್ತಿರಲಿಲ್ಲ, ಲೈಬ್ರರಿ ಕಡೆಗೂ ಬರುತ್ತಿರಲಿಲ್ಲ. ನನ್ನನ್ನು ಕಾರಿಡಾರಿನಲ್ಲಿ ಕಂಡರೆ ಗೋಡೆ ನೋಡುತ್ತಿದ್ದರು. ಆರು ರೂಪಾಯಿಗೆ ಒಬ್ಬ ಓದುಗ ಹೋಗುತ್ತಿದ್ದ. ಕೊನೆಗೆ ನಾನೇ ‘ಪುಸ್ತಕ ತಾ, ಫೈನ್ ಬಿಡ್ತೀನಿ’ ಅನ್ನೋಕೆ ಶುರು ಮಾಡಿದೆ. ಆಡಿಟ್‌ನವರು ಈ ಅಂಕಣ ಓದದಿರಲಿ.

ನಿನಗೂ ಅದೇ ಆಗುತ್ತೆ. ಸಾಲ ಬೆಳೆದಷ್ಟೂ ಅವರು ನಿನ್ನಿಂದ ತಪ್ಪಿಸಿಕೊಳ್ಳುತ್ತಾರೆ. ಒಬ್ಬೊಬ್ಬರನ್ನೇ ಕರೆದು ಹೇಳು, ಗುಂಪಿನಲ್ಲಿ ಬೇಡ. ‘ನಿಂದು 585 ಆಗಿದೆ, ಈ ತಿಂಗಳು ಅರ್ಧ ಹಾಕು’ ಅಂತ ಅಂಕಿ ಹೇಳು. ‘ಸ್ವಲ್ಪ ದುಡ್ಡು ಬರಬೇಕಿತ್ತು’ ಅಂತ ರಾಗ ಎಳೆದರೆ ಏನೂ ಬರಲ್ಲ. ನಾಲ್ವರಲ್ಲಿ ಒಬ್ಬನ ಹತ್ತಿರ ನಿಜವಾಗಿಯೂ ಇರೋದಿಲ್ಲ. ಅದು ಯಾರು ಅಂತ ನಿನಗೆ ಈಗಲೇ ಗೊತ್ತಿರುತ್ತೆ. ಅವನದನ್ನು ಬಿಟ್ಟುಬಿಡು, ಬಿಟ್ಟೆ ಅಂತ ಯಾರಿಗೂ ಹೇಳಬೇಡ.

ಇನ್ನು ಮುಂದೆ ಗೋಬಿ ಆರ್ಡರ್ ಮಾಡುವ ಮೊದಲು ‘ಇವತ್ತು ಯಾರದು?’ ಅಂತ ಕೇಳು. ತಿಂದಾದ ಮೇಲೆ ಕೇಳಿದರೆ ಜಿಪುಣ ಅಂತಾರೆ, ತಿನ್ನುವ ಮೊದಲು ಕೇಳಿದರೆ ಯಾರೂ ಏನೂ ಅನ್ನಲ್ಲ. ಕಬ್ಬು ಹನ್ನೆರಡು ತಿಂಗಳ ಬೆಳೆ ಅಲ್ವಾ? ಅಪ್ಪ ಅಷ್ಟು ದಿನ ಕಾದು ತಂದ ದುಡ್ಡದು.

ಪ್ರಶ್ನೆ: ನಾಗಮಂಗಲ ಕಡೆಯವನು, ಮೈಸೂರಿನಲ್ಲಿ ಕನ್ನಡ ಎಂ.ಎ. ಮಾತಾಡುವಾಗ ‘ಹ’ ಬಿಟ್ಟುಹೋಗುತ್ತದೆ. ಸೆಮಿನಾರಿನಲ್ಲಿ ‘ಹಳಗನ್ನಡ’ ಅನ್ನೋಕೆ ಹೋಗಿ ‘ಅಳಗನ್ನಡ’ ಅಂದೆ. ಕ್ಲಾಸೆಲ್ಲ ನಕ್ಕಿತು. ಗೆಳೆಯರು ಈಗ ನನ್ನನ್ನು ಹಾಗೇ ಕರೆಯುತ್ತಾರೆ.
‘ಅಳಗನ್ನಡ’, ಮೈಸೂರು

ಉತ್ತರ: ನೀನೇ ಹಾಗೆ ಸಹಿ ಹಾಕಿದ್ದೀಯ ಅಂದಮೇಲೆ ಅರ್ಧ ಗೆದ್ದೆ. ಕೆ.ಎಸ್. ನರಸಿಂಹಸ್ವಾಮಿ 1915ರಲ್ಲಿ ಹುಟ್ಟಿದ್ದು ಕಿಕ್ಕೇರಿಯಲ್ಲಿ. ಪು.ತಿ.ನ. ಮೇಲುಕೋಟೆಯವರು. ಬಿ.ಎಂ.ಶ್ರೀ ಹೆಸರಿನ ‘ಬಿ’ ನಿಮ್ಮದೇ ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ನಂಬರು 894.814. ಆ ಕಪಾಟಿನ ಮುಂದೆ ಮೂರು ದಶಕ ಓಡಾಡಿದ್ದೇನೆ. ಮಂಡ್ಯ ಜಿಲ್ಲೆಯವರನ್ನೆಲ್ಲ ತೆಗೆದರೆ ಅಲ್ಲಿ ಕಣ್ಣಿಗೆ ಹೊಡೆಯುವಷ್ಟು ಜಾಗ ಖಾಲಿಯಾಗುತ್ತೆ.

ಅದು ಸಮಾಧಾನ. ಕೆಲಸದ ಮಾತು ಬೇರೆ. ನಾಳೆ ನೀನು ಮೇಷ್ಟ್ರಾಗುವವನು. ಮಕ್ಕಳು ನಿನ್ನ ಬಾಯಿಂದ ಕೇಳಿದ ಹಾಗೇ ಬರೆಯುತ್ತಾರೆ. ಹಾಗಾಗಿ ದಿನಾ ಹತ್ತು ನಿಮಿಷ ಒಂದು ಪುಟ ಜೋರಾಗಿ ಓದು. ‘ಹ’ ಇರುವ ಕಡೆಯೆಲ್ಲ ಪೆನ್ಸಿಲಿನಲ್ಲಿ ಚುಕ್ಕೆ ಇಡು. ಲೈಬ್ರರಿ ಪುಸ್ತಕದಲ್ಲಿ ಬೇಡ, ಜೆರಾಕ್ಸ್ ಮಾಡಿಕೋ. ಪಾಠ ಮಾಡುವಾಗ ಒಂದು ನಾಲಿಗೆ, ಅವ್ವನ ಹತ್ತಿರ ಫೋನಿನಲ್ಲಿ ಇನ್ನೊಂದು. ಊರಿಗೆ ಹೋಗಿ ‘ಹೇಗಿದ್ದೀರಿ ತಾಯೀ’ ಅಂದರೆ ಅವ್ವ ನಿನಗೆ ಜ್ವರ ಬಂದಿದೆಯಾ ಅಂತ ಹಣೆ ಮುಟ್ಟಿ ನೋಡಿಯಾರು.

ಪ್ರಶ್ನೆ: ಕುವೆಂಪುನಗರದಲ್ಲಿ ರೂಮು ಮಾಡಿಕೊಂಡು ಇಬ್ಬರಿದ್ದೇವೆ. ಎಷ್ಟು ಸಲ ಮಾಡಿದರೂ ಮುದ್ದೆ ಗಂಟಾಗುತ್ತದೆ. ಅಮ್ಮನನ್ನು ಕೇಳಿದರೆ ‘ಅಂದಾಜಿನ ಮೇಲೆ ಹಾಕು’ ಅನ್ನುತ್ತಾರೆ.
ಮಳವಳ್ಳಿ ಹುಡುಗರು

ಉತ್ತರ: ಅಂದಾಜು ಬರೋಕೆ ಅಮ್ಮನಿಗೆ ಇಪ್ಪತ್ತು ವರ್ಷ ಆಗಿದೆ. ನೀವು ಲೋಟ ಹಿಡಿಯಿರಿ. ಒಂದು ಲೋಟ ರಾಗಿ ಹಿಟ್ಟಿಗೆ ಎರಡು ಲೋಟ ನೀರು, ಚಿಟಿಕೆ ಉಪ್ಪು. ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಎಸರಿಗೆ ಹಾಕಿ. ಅದು ಚೆನ್ನಾಗಿ ಕುದ್ದ ಮೇಲೆ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಿರಿ. ನೀವು ತಪ್ಪುತ್ತಿರೋದು ಇಲ್ಲೇ ಅನ್ನಿಸುತ್ತೆ. ಕೂಡಲೇ ಕಲಕಬೇಡಿ. ಕೋಲಿನಿಂದ ಗುಡ್ಡೆಯ ನಡುವೆ ಒಂದು ತೂತು ಮಾಡಿ, ಉರಿ ಸಣ್ಣ ಮಾಡಿ, ಐದಾರು ನಿಮಿಷ ಬಿಡಿ. ತೂತಿನಿಂದ ನೀರು ಉಕ್ಕಿ ಹಿಟ್ಟು ಬೇಯುತ್ತೆ. ಆಮೇಲೆ ಒಬ್ಬ ಪಾತ್ರೆ ಹಿಡಿಯಲಿ, ಇನ್ನೊಬ್ಬ ಪಾತ್ರೆಯ ಅಂಚಿಗೆ ಒತ್ತಿ ಒತ್ತಿ ತೊಳಸಲಿ. ತಟ್ಟೆ ಮುಚ್ಚಿ ಎರಡು ನಿಮಿಷ ಬಿಟ್ಟು, ಕೈ ಒದ್ದೆ ಮಾಡಿಕೊಂಡು ಕಟ್ಟಿ.

ಮೊದಲ ಎರಡು ಸಲ ಆಗಲೂ ಗಂಟು ಬರಬಹುದು. ಉಪ್ಸಾರು ಸ್ವಲ್ಪ ಜಾಸ್ತಿ ಮಾಡಿಟ್ಟುಕೊಳ್ಳಿ.