‘ಭೇದಿಸಲಾಗದ’, ಏಳು ಸಲ

ಕಾರವಾರದ ಗೆಳೆಯರೇ,

ಕೋಡ್ ಅಬ್‌ಫಸ್ಕೇಶನ್ ಬಗ್ಗೆ, ಅಂದರೆ ಸಾಫ್ಟ್‌ವೇರನ್ನು ಯಾರೂ ಬಿಚ್ಚಿ ನೋಡದಂತೆ, ತಿದ್ದದಂತೆ ಗೋಜಲು ಮಾಡುವ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಬೈತಖೋಲ್ ಬಂದರಿನ ಮೀನಿನ ದರ ತೋರಿಸುವ ನಿಮ್ಮದೇ ಆ್ಯಪ್‌ನಿಂದ ಶುರು ಮಾಡಿದ್ದು ಚೆನ್ನಾಗಿದೆ. ಭಾಷೆಯೂ ಪರವಾಗಿಲ್ಲ.

ಆದರೆ ‘ಭೇದಿಸಲಾಗದ’ ಎಂಬ ಪದ ಏಳು ಸಲ ಬಂದಿದೆ. ಕೂತು ಎಣಿಸಿದೆ.

ಎರಡನೇ ಪ್ಯಾರಾ ನೋಡಿ: “ಗೋಜಲು ಮಾಡಿದ ಕೋಡ್ ತಿಜೋರಿಯಲ್ಲಿಟ್ಟ ಚಿನ್ನದಂತೆ ಭೇದಿಸಲಾಗದ ಸ್ಥಿತಿ ತಲುಪುತ್ತದೆ.” ತಿಜೋರಿಯೊಳಗಿನ ಚಿನ್ನ ಹೊರಗಿನವರಿಗೆ ಕಾಣುವುದಿಲ್ಲ. ನಿಮ್ಮ ಕೋಡ್ ಪೂರ್ತಿ ಎದುರಿಗೇ ಬಿದ್ದಿರುತ್ತದೆ. ಫೋನು ಅದನ್ನು ಓಡಿಸಬೇಕಲ್ಲ! ಯಾವ ಪ್ರೋಗ್ರಾಮನ್ನಾದರೂ ಒಳಗೇನೂ ತಿಳಿಯದಂತೆ ಮುಚ್ಚಿಬಿಡುವ ಒಂದು ಸರ್ವಸಾಮಾನ್ಯ ವಿಧಾನ ಇರಲಾರದು ಎಂದು 2001ರಲ್ಲೇ ಏಳು ಜನ ಸಂಶೋಧಕರು ಗಣಿತದಿಂದ ತೋರಿಸಿಕೊಟ್ಟಿದ್ದಾರೆ.

ಮುಂದಿನ ಸಾಲಿನಲ್ಲಿ ಆರ್8 ಬರುತ್ತದೆ, ಅಂದರೆ ಆ್ಯಂಡ್ರಾಯ್ಡ್ ಆ್ಯಪ್ ಕಟ್ಟುವಾಗ ಕೋಡನ್ನು ಕುಗ್ಗಿಸಿ ಹೆಸರು ಬದಲಿಸುವ ಸಾಧನ: “ಆರ್8 ಬಳಸಿ ಹೆಸರುಗಳನ್ನೆಲ್ಲ ಎ, ಬಿ, ಸಿ ಎಂದು ಬದಲಿಸಿದೆ. ಇನ್ನು ನನ್ನ ಕೀ ಸುರಕ್ಷಿತ.” ಬಿಣಗಾದ ಗೆಳೆಯ ಒಂದೇ ರಾತ್ರಿಯಲ್ಲಿ ಜಾಡೆಕ್ಸ್ (ಆ್ಯಪನ್ನು ಮತ್ತೆ ಓದಬಲ್ಲ ಕೋಡ್ ಮಾಡುವ ಸಾಧನ) ಹಾಕಿ ನಿಮ್ಮ ಆ್ಯಪ್ ಬಿಚ್ಚಿ, ಮ್ಯಾಪ್ ಸೇವೆಯ ಕೀ, ಅಂದರೆ ಆ ಸೇವೆ ಬಳಸಲು ಬೇಕಾದ ಗುಟ್ಟಿನ ಅಕ್ಷರಸಾಲು, ಓದಿ ಹೇಳಿದ ಎಂದು ಇದಕ್ಕೆ ಸ್ವಲ್ಪ ಮೇಲೆ ನೀವೇ ಬರೆದಿದ್ದೀರಿ. ಆರ್8 ಬದಲಿಸುವುದು ಕ್ಲಾಸು, ಫಂಕ್ಷನ್‌ಗಳ ಹೆಸರನ್ನು. ಉದ್ಧರಣ ಚಿಹ್ನೆಯೊಳಗೆ ಬರೆದಿಟ್ಟ ಕೀ ಇದ್ದ ಹಾಗೇ ಇರುತ್ತದೆ. ಅದನ್ನೂ ಎನ್‌ಕ್ರಿಪ್ಟ್ ಮಾಡಿದಿರಿ ಅಂತಿಟ್ಟುಕೊಳ್ಳಿ, ಬಳಸುವ ಹೊತ್ತಿಗೆ ಫೋನಿನ ಮೆಮೊರಿಯಲ್ಲಿ ಬಿಡಿಸಲೇಬೇಕು, ಅಲ್ವಾ? ನಿಜವಾದ ಗುಟ್ಟಿದ್ದರೆ ಸರ್ವರಿನಲ್ಲಿಡಿ.

“ನಿಯಂತ್ರಣ ಪ್ರವಾಹದ ಸಮತಲೀಕರಣದಿಂದ ವಿಶ್ಲೇಷಣೆ ಜಟಿಲಗೊಳ್ಳುತ್ತದೆ.” ಇದೇನು ಮಾರಾಯ್ರೆ? ಪ್ರೋಗ್ರಾಮಿನ ತುಂಡುಗಳನ್ನೆಲ್ಲ ಒಂದೇ ಕೇಂದ್ರದಿಂದ ಓಡಿಸುವುದು ತಾನೆ? ಶಿರಸಿಯಿಂದ ಕುಮಟಾಕ್ಕೆ ಹೊರಟ ಬಸ್ಸು ಪ್ರತಿ ಸ್ಟಾಪಾದ ಮೇಲೂ ಶಿರಸಿ ಬಸ್‌ಸ್ಟ್ಯಾಂಡಿಗೆ ವಾಪಸು ಬಂದು, ‘ಮುಂದೆ ಎಲ್ಲಿಗೆ?’ ಎಂದು ಕೇಳಿ ಮತ್ತೆ ಹೊರಟ ಹಾಗೆ ಎನ್ನಿ. ನೋಡುವವನಿಗೆ ದಾರಿಯ ಕ್ರಮ ಗೊತ್ತಾಗುವುದಿಲ್ಲ. ಡೀಸೆಲ್ಲೂ ಜಾಸ್ತಿ ಸುಡುತ್ತದೆ, ಅದನ್ನು ನೀವು ಬರೆಯಲೇ ಇಲ್ಲ. 1997ರಲ್ಲಿ ಆಕ್ಲೆಂಡಿನ ಸಂಶೋಧಕರು ಇಂಥ ತಂತ್ರಗಳನ್ನು ವಿಂಗಡಿಸಿದಾಗ ಮೂರು ಅಳತೆ ಇಟ್ಟುಕೊಂಡಿದ್ದರು: ಓದುವವನಿಗೆ ಎಷ್ಟು ಗೊಂದಲ, ಬಿಡಿಸುವ ಸಾಫ್ಟ್‌ವೇರಿಗೆ ಎಷ್ಟು ಕಷ್ಟ, ಓಡಿಸಲು ಎಷ್ಟು ಖರ್ಚು. ಮೂರೂ ‘ಎಷ್ಟು’. ನಿಮ್ಮ ಲೇಖನದಲ್ಲಿ ಒಂದೂ ಇಲ್ಲ.

ಕೊನೆಗೆ, “ಇಂಥ ಕೋಡನ್ನು ಯಾರೂ ತಿದ್ದಲಾರರು.” ಇಲ್ಲಿ ನನಗೆ ನನ್ನದೇ ಹಳೇ ಗಾಯ ನೆನಪಾಯಿತು.

ಫ್ಲಾಪಿಯ ಕಾಲ. ಶಿರಸಿಯ ಒಂದು ಅಡಿಕೆ ಮಂಡಿಗೆ ಲೆಕ್ಕದ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೆ. ಸರಿಯಾದ ಸೀರಿಯಲ್ ನಂಬರ್ ಕೊಟ್ಟರೆ ಮಾತ್ರ ಓಡಬೇಕು ಎಂದು ಒಂದು ತಪಾಸಣೆ ಇಟ್ಟು ಬೀಗುತ್ತಿದ್ದೆ. ಗುಮಾಸ್ತರ ಮಗ, ಪಿಯುಸಿ ಹುಡುಗ, ಒಂದೇ ಒಂದು ಬೈಟ್ ಬದಲಿಸಿದ. ಯಂತ್ರಭಾಷೆಯಲ್ಲಿ 74 ಇದ್ದದ್ದು 75 ಆಯಿತು. ‘ಹೊಂದಿದರೆ ಹೋಗು’ ಎಂಬ ಆಜ್ಞೆ ‘ಹೊಂದದಿದ್ದರೆ ಹೋಗು’ ಆಯಿತು. ಆಮೇಲೆ ಯಾವ ತಪ್ಪು ನಂಬರಿಗೂ ತೆರೆಯುತ್ತಿತ್ತು, ಸರಿಯಾದ ನಂಬರಿಗೆ ಮಾತ್ರ ತೆರೆಯುತ್ತಿರಲಿಲ್ಲ! ಒಂದನ್ನೊಂದು ಕಾಯುವ ಹತ್ತಾರು ತಪಾಸಣೆಗಳನ್ನು ಅಲ್ಲಲ್ಲಿ ಹುದುಗಿಸಿ, ಅವನ್ನು ಹುಡುಕುವುದು ಕಷ್ಟವಾಗಲಿ ಎಂದು ಗೋಜಲು ಮಾಡುತ್ತಾರೆ ಎಂಬುದು ಆಗ ನನಗೆ ತಿಳಿದಿರಲಿಲ್ಲ.

ಅದನ್ನೇ ಲೇಖನ ಮಾಡಿ ಒಂದು ವಾರಪತ್ರಿಕೆಗೆ ಕಳಿಸಿದೆ. ಹಿರಿಯ ಸಂಪಾದಕರು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಒಂದೇ ಸಾಲು ಬರೆದು ವಾಪಸು ಕಳಿಸಿದರು: “ಹುಡುಗನಿಗೆ ಎಷ್ಟು ಹೊತ್ತು ಹಿಡಿಯಿತು?” ನಾಚಿಕೆ ಬಿಟ್ಟು ಹೋಗಿ ಕೇಳಿದೆ. “ಅಮ್ಮ ಊಟಕ್ಕೆ ಎಲೆ ಹಾಕುವಾಗ ಕೂತಿದ್ದೆ. ಬಡಿಸುವಷ್ಟರಲ್ಲಿ ಮುಗೀತು” ಅಂದ.

ಗೋಜಲು ಮಾಡಿದ ಹೊಸ ಆ್ಯಪನ್ನು ಬಿಣಗಾದ ಗೆಳೆಯನಿಗೇ ಕೊಡಿ. ಈ ಸಲ ಎಷ್ಟು ರಾತ್ರಿ ಬೇಕಾಯಿತು ಎಂದು ಬರೆದುಕೊಳ್ಳಿ. ಆ ಏಳು ಪದ ತೆಗೆದು, ಆ ಲೆಕ್ಕ ಹಾಕಿ ಕಳಿಸಿ.