ಇಂಡಿ ಪಟ್ಟಣದ ಸಹೋದರರ ಪ್ರಶ್ನೆಗೆ: ಅವಧಿ ಮುಗಿದ ಲೈಸೆನ್ಸ್

ತಮ್ಮ 58 ವರ್ಷದ ತಂದೆಯವರ ಬೈಕ್ ಲೈಸೆನ್ಸ್ ಅವಧಿ ಮುಗಿದು ಎಂಟು ತಿಂಗಳಾಗಿದ್ದು, ಮತ್ತೆ ಚಾಲನಾ ಪರೀಕ್ಷೆ ಕೊಡಬೇಕೇ ಎಂದು ತಾವು ಕೇಳಿದ್ದೀರಿ. ಬೇಕಾಗಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಾದ ತಿದ್ದುಪಡಿಯಂತೆ, ಅವಧಿ ಮುಗಿಯುವ ಒಂದು ವರ್ಷ ಮೊದಲಿನಿಂದ ಹಿಡಿದು ಮುಗಿದ ಒಂದು ವರ್ಷದೊಳಗೆ ಅರ್ಜಿ ಹಾಕಿದರೆ ಪರೀಕ್ಷೆಯಿಲ್ಲದೆ ನವೀಕರಣವಾಗುತ್ತದೆ. ಆ ವರ್ಷ ದಾಟಿದರೆ ಮಾತ್ರ ಪರೀಕ್ಷೆ ಕಡ್ಡಾಯ. ನಮ್ಮ ಕಾಕಾ ಕೆಲವೇ ವಾರ ತಡ ಮಾಡಿ, ಅರವತ್ತರ ವಯಸ್ಸಿನಲ್ಲಿ ಹುಡುಗರ ಸಾಲಿನಲ್ಲಿ ನಿಂತು ಪರೀಕ್ಷೆ ಕೊಟ್ಟದ್ದನ್ನು ಕಣ್ಣಾರೆ ಕಂಡವನು ನಾನು. ಆದ್ದರಿಂದ ದಯವಿಟ್ಟು ಉಳಿದ ನಾಲ್ಕು ತಿಂಗಳನ್ನು ಕಳೆಯಬೇಡಿ.

ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿ: ಸಾರಿಗೆ ವಾಹನಕ್ಕೂ ಸ್ವಂತ ವಾಹನಕ್ಕೂ ಬೇರೆ ಬೇರೆ ದಿನಾಂಕಗಳಿರಬಹುದು. ಬೈಕಿಗೆ ಎರಡನೆಯದೇ ಮುಖ್ಯ.

ಅರ್ಜಿಯನ್ನು ಸರ್ಕಾರದ ಸಾರಥಿ ಜಾಲತಾಣದಲ್ಲಿ ಹಾಕಬಹುದು. ವಯಸ್ಸು ನಲವತ್ತು ದಾಟಿರುವುದರಿಂದ ವೈದ್ಯರು ಸಹಿ ಮಾಡಿದ 1ಎ ನಮೂನೆಯ ಪ್ರಮಾಣಪತ್ರ ಬೇಕು.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ಅವಧಿ ಮುಗಿದ ಮೇಲೂ ಮೂವತ್ತು ದಿನ ಓಡಿಸಬಹುದೆಂದು ಮೊದಲಿದ್ದ ರಿಯಾಯಿತಿಯನ್ನು 2019ರ ತಿದ್ದುಪಡಿ ತೆಗೆದುಹಾಕಿತು. ಹೊಸ ಕಾರ್ಡ್ ಕೈಸೇರುವವರೆಗೆ ಅವರು ನಿಂಬೆಕಾಯಿ ಚೀಲ ಹೇರಿಕೊಂಡು ವಿಜಯಪುರದ ಮಾರುಕಟ್ಟೆಗೆ ಬೈಕ್ ಓಡಿಸುವುದು ಬೇಡ. ಅಪಘಾತವೇನಾದರೂ ಆದರೆ ವಿಮೆಯವರು ತಕರಾರು ತೆಗೆಯುತ್ತಾರೆ.