ಗಂಜಿ ತಂದವರ ಕೂಟವೋ, ಹೆಸರು ಕೇಳದವರ ಸಭೆಯೋ?

ಪ್ರಶ್ನೆ: ನನಗೆ 33 ವರ್ಷ. ಊರು ಗದಗ ಜಿಲ್ಲೆ. ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದೇನೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಷನ್ ಕಾಲದಿಂದಲೂ ನಮ್ಮದು ಕ್ರೈಸ್ತ ಸಭೆಗೆ ಸೇರಿದ ಮನೆತನ. ಪತಿ ಹಿಂದೂ, ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದೆವು. ನನ್ನ ಆರಾಧನೆಗೆ ಅವರು ಎಂದೂ ಅಡ್ಡಿ ಬಂದವರಲ್ಲ. ಐದು ವರ್ಷದ ಮಗಳಿದ್ದಾಳೆ. ಇಲ್ಲಿಗೆ ಬಂದ ಮೇಲೆ ಸಿಎಸ್‌ಐನ (ಚರ್ಚ್ ಆಫ್ ಸೌತ್ ಇಂಡಿಯಾ) ದೊಡ್ಡ ಕನ್ನಡ ಸಭೆಯೊಂದಕ್ಕೆ ಏಳೆಂಟು ತಿಂಗಳು ಹೋದೆ. ಮಾತನಾಡಿಸಿದವರು ಒಬ್ಬರೇ ಹಿರಿಯರು. ಯಾವ ಕಡೆಯವರು, ತಂದೆ ಏನು ಮಾಡುತ್ತಿದ್ದರು, ಯಜಮಾನರು ಯಾಕೆ ಬರುವುದಿಲ್ಲ ಎಂದು ವಿಚಾರಿಸಿದರು. ನನ್ನ ಉತ್ತರ ಕೇಳಿದ ಮೇಲೆ ಅವರೂ ಮಾತು ನಿಲ್ಲಿಸಿದರು. ಆಮೇಲೆ ಮನೆಯ ಹತ್ತಿರ, ಅಂಗಡಿಯ ಮಹಡಿಯಲ್ಲಿ ನಡೆಯುವ ಪ್ರಾರ್ಥನಾ ಕೂಟಕ್ಕೆ ಹೋದೆ. ಎರಡನೆಯ ವಾರವೇ ಎಲ್ಲರೂ ಹೆಸರು ಹಿಡಿದು ಕರೆದರು. ಮಗಳಿಗೆ ಜ್ವರ ಬಂದಾಗ ಒಬ್ಬ ಸಹೋದರಿ ಸ್ಟೀಲ್ ಡಬ್ಬಿಯಲ್ಲಿ ಗಂಜಿ ತಂದುಕೊಟ್ಟರು. ಎರಡು ತಿಂಗಳು ಕಳೆಯುವಷ್ಟರಲ್ಲಿ ಸಂಬಳದ ದಶಮಾಂಶ, ಅಂದರೆ ಹತ್ತರಲ್ಲೊಂದು ಪಾಲು, ಕೊಡಬೇಕು, ನೀರಿನಲ್ಲಿ ಮುಳುಗಿ ಮತ್ತೆ ದೀಕ್ಷಾಸ್ನಾನ (ಬ್ಯಾಪ್ಟಿಸಂ) ತೆಗೆದುಕೊಳ್ಳಬೇಕು, ಗಂಡನ ಮನೆಯ ದೀಪಾವಳಿಗೆ ಹೋಗಬಾರದು ಎಂಬ ಮಾತುಗಳು ಒಂದೊಂದಾಗಿ ಬಂದವು. ಮೂರು ವಾರದಿಂದ ಎಲ್ಲಿಗೂ ಹೋಗಿಲ್ಲ. ಆ ಡಬ್ಬಿ ಇನ್ನೂ ನಮ್ಮ ಅಡುಗೆಮನೆಯಲ್ಲೇ ಇದೆ. ತಣ್ಣಗಿರುವ ನಮ್ಮ ಸಭೆಗೇ ಹಿಂತಿರುಗಲೇ, ಪ್ರೀತಿ ತೋರಿಸಿದವರ ಮಾತು ಕೇಳಲೇ, ಇಲ್ಲ ಮನೆಯಲ್ಲೇ ಪ್ರಾರ್ಥನೆ ಮಾಡಿಕೊಂಡು ಇದ್ದುಬಿಡಲೇ?
ಹೆಸರು ಬೇಡ, ಬೆಂಗಳೂರು

ಪ್ರಿಯ ಸಹೋದರಿ,

ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ದಣಿದವರು ಕೊನೆಗೆ ಆರಿಸಿಕೊಳ್ಳುವುದು ಸಾಮಾನ್ಯವಾಗಿ ಅದನ್ನೇ. ಮೂರು ವಾರ ಮನೆಯಲ್ಲಿ ಕುಳಿತಿದ್ದರಲ್ಲಿ ಯಾವ ತಪ್ಪೂ ಇಲ್ಲ. ಇನ್ನೂ ಎರಡು ವಾರ ಕುಳಿತರೂ ದೇವರು ನಿಮ್ಮನ್ನು ಲೆಕ್ಕದಿಂದ ಕೈಬಿಡುವುದಿಲ್ಲ. ಆದರೆ ರಾತ್ರಿ ಪಾಳಿಯಲ್ಲಿ ಪರಿಚಯವಿಲ್ಲದವರ ಹಣೆ ಮುಟ್ಟಿ ಜ್ವರ ನೋಡುವ, ಕಡೆಯ ಘಳಿಗೆಯಲ್ಲಿರುವವರ ಕೈ ಹಿಡಿದು ನಿಲ್ಲುವ ನಿಮಗೆ, ನಿಮ್ಮ ಕೈಯನ್ನು ಹಿಡಿಯುವವರು ವಾರಕ್ಕೊಮ್ಮೆಯಾದರೂ ಬೇಕು. ಅದನ್ನು ಬಯಸುವುದು ನಂಬಿಕೆಯ ಕೊರತೆಯಲ್ಲ. ಮನೆಯ ಪ್ರಾರ್ಥನೆ ವಿಶ್ರಾಂತಿಗೆ ಸಾಕು. ಬದುಕೆಲ್ಲ ಅದರ ಮೇಲೆಯೇ ನಡೆಯಬೇಕೆಂದರೆ, ಅದರಲ್ಲೂ ಬೆಳೆಯುವ ಮಗಳಿರುವಾಗ, ಸಾಲದು.

ಇನ್ನು ಆ ಹಿರಿಯರ ಪ್ರಶ್ನೆಗಳು. 'ಯಾವ ಕಡೆಯವರು' ಎಂಬುದು ನಮ್ಮ ನಾಡಿನಲ್ಲಿ ಹಲವು ಸಲ ಬರಿಯ ಕುಶಲ ಪ್ರಶ್ನೆ. ಅದರ ಹಿಂದೆಯೇ 'ತಂದೆ ಏನು ಮಾಡುತ್ತಿದ್ದರು' ಎಂಬುದು ಬಂದಾಗ ಅದು ಜಾತಿಯ ಪ್ರಶ್ನೆ ಎಂಬುದು ಕೇಳಿದವರಿಗೂ ಗೊತ್ತು, ಕೇಳಿಸಿಕೊಂಡವರಿಗೂ ಗೊತ್ತು. ನೀವು ಪತ್ರದಲ್ಲಿ ಆ ಪದವನ್ನು ಬರೆದಿಲ್ಲ, ನಾನು ಬರೆಯುತ್ತಿದ್ದೇನೆ. ದೇವಾಲಯದ ಬಾಗಿಲಲ್ಲಿ ಒಬ್ಬ ಹೆಣ್ಣುಮಗಳನ್ನು ಹೀಗೆ ಅಳೆದು ನೋಡಿದ್ದು ಪಾಪ. ಚಿನ್ನದ ಉಂಗುರ ತೊಟ್ಟು ಬಂದವನಿಗೆ ಒಳ್ಳೆಯ ಆಸನ ತೋರಿಸಿ, ಕೊಳೆಬಟ್ಟೆಯ ಬಡವನನ್ನು ನಿಲ್ಲಿಸುವ ಸಭೆಯನ್ನು ಯಾಕೋಬನು ಬೈಬಲಿನಲ್ಲಿರುವ ತನ್ನ ಪತ್ರಿಕೆಯ 2ನೇ ಅಧ್ಯಾಯದಲ್ಲಿ ಗದರಿಸಿದ್ದು ಇದಕ್ಕಾಗಿಯೇ. ನಾಚಿಕೆಪಡಬೇಕಾದವರು ನೀವಲ್ಲ.

ಈ ಮಾತನ್ನು ಇಷ್ಟು ಗಟ್ಟಿಯಾಗಿ ಹೇಳಲು ನಮ್ಮ ಸಭೆಗಳ ಚರಿತ್ರೆಯೇ ನನಗೆ ಧೈರ್ಯ ಕೊಡುತ್ತದೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನಿನವರು 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ, 1841ರಲ್ಲಿ ನಿಮ್ಮ ಗದಗಿನ ಪಕ್ಕದ ಬೆಟಗೇರಿಯಲ್ಲಿ ನೆಲೆ ಮಾಡಿಕೊಂಡರು. ಅವರ ಮಾತಿಗೆ ಓಗೊಟ್ಟವರಲ್ಲಿ ಅನೇಕರು ಜಾತಿಯಿಂದ ಹೊರಬಿದ್ದರು. ಜಾತಿಯ ಜೊತೆಗೆ ಗೇಣಿಯ ಹೊಲ, ಕುಲಕಸುಬು, ಅಣ್ಣತಮ್ಮಂದಿರ ಮನೆಯ ಹೊಸ್ತಿಲು ಎಲ್ಲವನ್ನೂ ಕಳೆದುಕೊಂಡರು. ಆ ಜನರಿಗೆ ಅನ್ನದ ದಾರಿ ಬೇಕಿತ್ತೆಂಬುದರಿಂದಲೇ ಮಿಷನ್ ನೇಯ್ಗೆಯ ಕೆಲಸಕ್ಕೆ ಕೈಹಾಕಿತು, ಮಂಗಳೂರಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ಕಟ್ಟಿತು. ಅಂದರೆ, ಇಂದು ಮೂರು ತಲೆಮಾರಿನಿಂದ ಒಂದೇ ಬೆಂಚಿನಲ್ಲಿ ಕುಳಿತುಕೊಳ್ಳುತ್ತಿರುವ ಕುಟುಂಬಗಳ ಹಿರಿಯರೂ ಒಂದು ಕಾಲಕ್ಕೆ ಯಾವ ಮನೆಗೂ ಬೇಡವಾಗಿ ಸಭೆಯ ಬಾಗಿಲಿಗೆ ಬಂದು ನಿಂತವರೇ. ಆ ಸಭೆ ನಿಮಗೆ ಪರರ ಮನೆಯಲ್ಲ. ನಿಮ್ಮ ಮುತ್ತಜ್ಜಿಯ ಪಾಲೂ ಅದರಲ್ಲಿದೆ.

ಹಾಗಿದ್ದರೂ, ಏಳೆಂಟು ತಿಂಗಳ ಆ ಮೌನವನ್ನೆಲ್ಲ ಆ ಒಬ್ಬ ಹಿರಿಯರ ಮನಸ್ಸಿನಂತೆಯೇ ಓದಬೇಡಿ ಎಂದು ಕೇಳಿಕೊಳ್ಳುತ್ತೇನೆ. ದೊಡ್ಡ ಸಭೆಯಲ್ಲಿ ಭಾನುವಾರ ಒಂದಕ್ಕಿಂತ ಹೆಚ್ಚು ಆರಾಧನೆಗಳು ನಡೆಯುತ್ತವೆ. ಒಂದು ಮುಗಿಯುವಾಗಲೇ ಇನ್ನೊಂದಕ್ಕೆ ಬಂದವರು ಬಾಗಿಲಲ್ಲಿ ನಿಂತಿರುತ್ತಾರೆ. ಹೊಸ ಮುಖ ಕಂಡವರು, ಬೆಳಗಿನ ಆರಾಧನೆಗೆ ಬರುವವರಿರಬೇಕು ಎಂದುಕೊಂಡು ಸುಮ್ಮನಾಗುತ್ತಾರೆ. ಸಭಾಪಾಲಕರನ್ನು ಕೆಲವು ವರ್ಷಗಳಿಗೊಮ್ಮೆ ಡಯಾಸಿಸ್ (ಒಂದು ಪ್ರದೇಶದ ಸಭೆಗಳನ್ನು ನೋಡಿಕೊಳ್ಳುವ ಧರ್ಮಪ್ರಾಂತ) ವರ್ಗಾಯಿಸುವುದರಿಂದ, ಅಯ್ಯನವರಿಗೇ ಅರ್ಧ ಸಭೆಯ ಹೆಸರು ಗೊತ್ತಿರುವುದಿಲ್ಲ. ನಿಮ್ಮದು ನರ್ಸ್ ಕೆಲಸವಾದ್ದರಿಂದ ಪ್ರತಿ ವಾರವೂ ಒಂದೇ ಹೊತ್ತಿಗೆ ಹೋಗಲು ಆಗಿರಲಿಕ್ಕಿಲ್ಲ, ಹಿಂದಿನ ಸಾಲಿನಲ್ಲಿ ಕುಳಿತು ಕಡೆಯ ಹಾಡಿಗೇ ಎದ್ದು ಬಂದಿರಲೂಬಹುದು. ಇದು ಅವರ ತಪ್ಪನ್ನು ಮುಚ್ಚುವ ಮಾತಲ್ಲ. ಅತಿಥಿಯನ್ನು ಗುರುತಿಸುವ ಹೊಣೆ ಮನೆಯವರದೇ. ಆದರೆ ನಿಮ್ಮನ್ನು ಬೇಡವೆಂದದ್ದಕ್ಕೂ ನಿಮ್ಮನ್ನು ಕಾಣದೇ ಹೋದದ್ದಕ್ಕೂ ವ್ಯತ್ಯಾಸವಿದೆ, ಎರಡನೆಯದಕ್ಕೆ ಮದ್ದಿದೆ.

ನಾನು ಮದುವೆಯಾಗಿ ಪರಊರಿಗೆ ಹೋದ ಮೊದಲ ವರ್ಷ, ಅಲ್ಲಿಯ ಸಭೆಯಲ್ಲಿ ಹೆಚ್ಚುಕಡಿಮೆ ನಿಮ್ಮ ಸ್ಥಿತಿಯಲ್ಲೇ ಇದ್ದೆ. ಮನೆಗೆ ಬಂದು ಅತ್ತದ್ದೂ ಉಂಟು. ಸುಗ್ಗಿ ಹಬ್ಬದ ದಿನ, ಜನ ಕಾಣಿಕೆಯಾಗಿ ತಂದ ತೆಂಗಿನಕಾಯಿ, ಬಾಳೆಗೊನೆ, ಕೋಳಿ ಎಲ್ಲವನ್ನೂ ಅಂಗಳದಲ್ಲಿ ಏಲಂ ಹಾಕುತ್ತಿದ್ದರು. ಒಂದು ಕುಂಬಳಕಾಯಿಗೆ ಯಾರೂ ಕೂಗದೆ ಇದ್ದಾಗ, ಏಕೆಂದು ಈಗಲೂ ಹೇಳಲಾರೆ, ನಾನು ಕೂಗಿದೆ. ಚೀಟಿ ಬರೆಯುತ್ತಿದ್ದ ಯಜಮಾನರು ತಲೆಯೆತ್ತಿ 'ಹೆಸರು ಏನಮ್ಮ?' ಎಂದು ಕೇಳಿದರು. ಆ ಸಭೆಯಲ್ಲಿ ನನ್ನ ಹೆಸರನ್ನು ಮೊದಲು ಕೇಳಿದ್ದು ಅವರೇ. ಹೊತ್ತುಕೊಂಡು ಹೋಗಲಾಗದಷ್ಟು ದೊಡ್ಡದಾಗಿದ್ದ ಆ ಕಾಯಿಯನ್ನು ಅಲ್ಲೇ ಹೋಳು ಮಾಡಿಸಿ, ಪಕ್ಕದಲ್ಲಿ ನಿಂತಿದ್ದ ನಾಲ್ವರು ಹೆಂಗಸರಿಗೆ ಹಂಚಿದೆ. ಅವರಲ್ಲಿ ಇಬ್ಬರು ಮುಂದಿನ ಬುಧವಾರ ನಮ್ಮ ಮನೆಗೆ ಬಂದರು. ಸಭೆಯ ನಿಜವಾದ ಒಡನಾಟ ಭಾನುವಾರದ ಒಂದೂವರೆ ಗಂಟೆಯಲ್ಲಿ ಇರುವುದು ಕಡಿಮೆ. ಅದು ಇರುವುದು ಸ್ತ್ರೀಯರ ಅನ್ಯೋನ್ಯ ಕೂಟದಲ್ಲಿ, ವಾರದ ನಡುವೆ ಒಬ್ಬೊಬ್ಬರ ಮನೆಯಲ್ಲಿ ಸರದಿಯಂತೆ ನಡೆಯುವ ಪ್ರಾರ್ಥನೆಗಳಲ್ಲಿ, ಗಾಯನ ತಂಡದ ಅಭ್ಯಾಸದಲ್ಲಿ, ಹಬ್ಬದ ಅಡುಗೆಗೆ ಈರುಳ್ಳಿ ಹೆಚ್ಚುವ ಕಡೆ. ಹತ್ತು ಜನ ಕುಳಿತಿರುವ ಕೋಣೆಯಲ್ಲಿ ಹನ್ನೊಂದನೆಯವರನ್ನು ಕಾಣದೇ ಇರಲು ಯಾರಿಗೂ ಸಾಧ್ಯವಿಲ್ಲ.

ಆದ್ದರಿಂದ ನಿಮ್ಮ ಸಭೆಗೆ ಇನ್ನೊಂದು ಅವಕಾಶ ಕೊಡಿ, ಆದರೆ ಈ ಸಲ ಬೇರೆ ಬಾಗಿಲಿನಿಂದ ಹೋಗಿ. ಆರಾಧನೆ ಮುಗಿದ ನೂಕುನುಗ್ಗಲಿನಲ್ಲಿ ಬೇಡ. ವಾರದ ದಿನವೊಂದರಲ್ಲಿ ಸಭಾಪಾಲಕರನ್ನು ಅವರ ಕಚೇರಿಯಲ್ಲಿ ಕಂಡು, ನಿಮ್ಮ ಪಾಳಿಯ ವಿಷಯ, ಮದುವೆಯ ವಿಷಯ, ಮಗಳ ವಿಷಯ ಯಾವುದನ್ನೂ ಮುಚ್ಚಿಡದೆ ಹೇಳಿ. ಆ ಹಿರಿಯರ ಪ್ರಶ್ನೆಯಿಂದ ಆದ ನೋವನ್ನೂ ಹೇಳಿ, ಅವರ ಹೆಸರು ಹೇಳುವುದೂ ಬಿಡುವುದೂ ನಿಮಗೆ ಬಿಟ್ಟದ್ದು. ನಿಮ್ಮ ತವರಿನ ಸಭೆಯಿಂದ ವರ್ಗಾವಣೆ ಪತ್ರ ತರಿಸಿಕೊಟ್ಟಿದ್ದೀರಾ ಎಂಬುದನ್ನು ನೀವು ಬರೆದಿಲ್ಲ. ಗದಗ ಉತ್ತರ ಡಯಾಸಿಸ್‌ಗೆ ಸೇರಿದ್ದು, ಬೆಂಗಳೂರು ಮಧ್ಯ ಡಯಾಸಿಸ್‌ಗೆ. ಆ ಒಂದು ಹಾಳೆ ಬರದೇ ಇದ್ದರೆ ಇಲ್ಲಿಯ ಕುಟುಂಬಗಳ ಪಟ್ಟಿಯಲ್ಲಿ ನಿಮ್ಮ ಹೆಸರು ಇರುವುದಿಲ್ಲ, ಹೆಸರಿಲ್ಲದ ಮನೆಗೆ ಭೇಟಿ ಕೊಡಬೇಕೆಂದು ಯಾರಿಗೂ ನೆನಪಾಗುವುದಿಲ್ಲ. ನಿಮ್ಮ ಮನೆಯಲ್ಲೊಂದು ಪ್ರಾರ್ಥನೆ ಇಡಬೇಕೆಂದು ನೀವಾಗಿಯೇ ಕೇಳಿಕೊಳ್ಳಿ, ಪತಿಯವರಿಗೆ ಮೊದಲೇ ತಿಳಿಸಿ. ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭು ಭೋಜನದ ಆರಾಧನೆಯಲ್ಲಿ ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುವ ಘಳಿಗೆಯೊಂದಿದೆಯಲ್ಲ, 1950ರಲ್ಲಿ ಸಿಎಸ್‌ಐ ತನ್ನ ಆರಾಧನಾ ಕ್ರಮವನ್ನು ರೂಪಿಸಿದಾಗ ಪುರಾತನ ಸಭೆಯ ಆ ಪದ್ಧತಿಗೆ ಮತ್ತೆ ಜೀವ ಕೊಟ್ಟಿತು. ಪಕ್ಕದವರ ಕೈ ನಿಮ್ಮ ಎರಡು ಅಂಗೈಗಳ ನಡುವೆ ಇರುವ ಆ ಕ್ಷಣ ಬರಿಯ ವಿಧಿಯಾಗಿ ಕಳೆದುಹೋಗದಿರಲಿ. ಆರಾಧನೆ ಮುಗಿದ ಮೇಲೆ ಆ ಪಕ್ಕದವರಿಗೇ ನಿಮ್ಮ ಹೆಸರು ಹೇಳಿ.

ಇದಕ್ಕೆ ಆರು ತಿಂಗಳು ಸಾಕು. ಅಷ್ಟರೊಳಗೆ ಯಾರೂ ಒಂದು ಮಾತನ್ನೂ ಮುಂದುವರಿಸದೆ ಹೋದರೆ, ಅಥವಾ ಅಯ್ಯನವರೇ ನಿಮ್ಮ ಮದುವೆಯನ್ನು ಕಳಂಕವೆಂಬಂತೆ ನೋಡಿದರೆ, ಮನಸ್ಸಿನಲ್ಲಿ ಭಾರವಿಲ್ಲದೆ ಬೇರೆ ಸಭೆಗೆ ಹೋಗಿ. 1809ರಲ್ಲಿ ಬ್ರಿಟಿಷರ ದಂಡು ಪ್ರದೇಶ (ಕಂಟೋನ್ಮೆಂಟ್) ಬೆಳೆಯತೊಡಗಿದಂದಿನಿಂದ ಬೆಂಗಳೂರಿನಲ್ಲಿ ತಮಿಳು ಮತ್ತು ಇಂಗ್ಲಿಷ್ ಆರಾಧನೆಗಳು ಹೆಚ್ಚು ಕಂಡರೂ, ಪೇಟೆಯ ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ದೇವಾಲಯ, ಕಾರ್ಪೊರೇಷನ್ ವೃತ್ತದ ಬಳಿಯ ಹಡ್ಸನ್ ಸ್ಮಾರಕ ದೇವಾಲಯದಂತಹ ಹಳೆಯ ಕನ್ನಡ ಸಭೆಗಳಿವೆ, ಬಡಾವಣೆಗಳಲ್ಲಿ ಚಿಕ್ಕ ಸಭೆಗಳೂ ಇವೆ. ನಿಮ್ಮಂತಹವರಿಗೆ ನಲವತ್ತು ಐವತ್ತು ಕುಟುಂಬಗಳ ಚಿಕ್ಕ ಸಭೆಯೇ ಒಳ್ಳೆಯದೆಂದು ನನಗನ್ನಿಸುತ್ತದೆ, ಬಸ್ಸಿನಲ್ಲಿ ಅರ್ಧ ಗಂಟೆ ಹೆಚ್ಚಾದರೂ ಸರಿ. ಮೆಥೊಡಿಸ್ಟ್ ಸಭೆಯ ಆರಾಧನೆಯೂ ನಿಮಗೆ ಅಪರಿಚಿತವೆನಿಸದು.

ಈಗ ಆ ಮಹಡಿಯ ಕೂಟಕ್ಕೆ ಬರುತ್ತೇನೆ. ಅವರನ್ನು ಹಗುರವಾಗಿ ಕಾಣುವ ಮನಸ್ಸು ನನಗಿಲ್ಲ. ದೊಡ್ಡ ಸಭೆಗಳು ಮರೆತ ಎಷ್ಟೋ ಜನರನ್ನು ಇಂಥ ಕೂಟಗಳು ಹೆಸರು ಹಿಡಿದು ಕರೆದಿವೆ. ಆ ಗಂಜಿ ಸುಳ್ಳಲ್ಲ. ಆದರೆ ಸ್ವಾಗತದ ಗುಣ ತಿಳಿಯುವುದು ನಾವು 'ಹೌದು' ಅನ್ನುವಾಗ ಅಲ್ಲ, 'ಈಗ ಬೇಡ' ಅಂದ ಮೇಲೆ. ದಶಮಾಂಶ ಮನಸಾರೆ ಕೊಡುವ ಕಾಣಿಕೆ. ಸಂಬಳದ ಚೀಟಿ ನೋಡಿ ಕೇಳುವುದಾದರೆ, ಲೆಕ್ಕ ಬರೆಯುವವರು ಯಾರು, ಆ ಪಾಸ್ಟರ್ ಯಾರಿಗೆ ಉತ್ತರ ಕೊಡಬೇಕು ಎಂದು ನೀವೂ ಕೇಳಬಹುದು. ದೀಕ್ಷಾಸ್ನಾನದ ವಿಷಯದಲ್ಲಿ, ನಂಬಿಕೆಯನ್ನು ಬಾಯಿಂದ ಒಪ್ಪಿಕೊಂಡ ಮೇಲೆಯೇ ಅದಾಗಬೇಕೆಂಬುದು ಬ್ಯಾಪ್ಟಿಸ್ಟರ, ಪೆಂಟೆಕೋಸ್ಟರ ಪ್ರಾಮಾಣಿಕ ನಿಲುವು, ಅದನ್ನು ಗೌರವಿಸುತ್ತೇನೆ. ಆದರೆ ತಂದೆ, ಮಗ, ಪವಿತ್ರಾತ್ಮನೆಂಬ ತ್ರಿಯೇಕ ದೇವರ ಹೆಸರಿನಲ್ಲಿ ನೀರಿನಿಂದ ಆದ ದೀಕ್ಷಾಸ್ನಾನವನ್ನು ಸಿಎಸ್‌ಐ ಆಗಲಿ, ಮೆಥೊಡಿಸ್ಟರಾಗಲಿ, ಕಥೋಲಿಕರಾಗಲಿ ಎರಡನೆಯ ಸಲ ಮಾಡುವುದಿಲ್ಲ. ಕೂಸಾಗಿದ್ದಾಗ ತಂದೆತಾಯಿ ನಿಮ್ಮನ್ನು ಎತ್ತಿ ಒಪ್ಪಿಸಿದ್ದಕ್ಕೆ ಬೆಲೆಯಿಲ್ಲ ಎಂದು ಯಾರೋ ಎರಡು ತಿಂಗಳ ಪರಿಚಯದಲ್ಲಿ ಹೇಳಿದರೆಂಬ ಕಾರಣಕ್ಕೆ, ಅವರ ಪ್ರೀತಿ ಕೈತಪ್ಪೀತೆಂಬ ಭಯಕ್ಕೆ, ನೀರಿಗಿಳಿಯಬೇಡಿ. ವರ್ಷಗಟ್ಟಲೆ ಓದಿ, ಪ್ರಾರ್ಥಿಸಿ ನಿಮ್ಮ ಮನಸ್ಸೇ ಅಲ್ಲಿಗೆ ಬಂದರೆ ಅದು ಬೇರೆ ಮಾತು.

ದೀಪಾವಳಿಯ ಮಾತಿಗೆ ಮಾತ್ರ ನಾನು ಮೃದುವಾಗಿ ಉತ್ತರಿಸಲಾರೆ. ನಂಬದ ಗಂಡ ಹೆಂಡತಿಯೊಡನೆ ಬಾಳಲು ಒಪ್ಪಿರುವಾಗ ಅವಳು ಅವನನ್ನು ಬಿಡಬಾರದೆಂದು ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 7ನೇ ಅಧ್ಯಾಯದಲ್ಲಿ ಪೌಲನೇ ಹೇಳಿರುವಾಗ, ನಿಮ್ಮನ್ನು ಭಾನುವಾರ ಬೆಳಿಗ್ಗೆ ಆರಾಧನೆಗೆ ಸಂತೋಷದಿಂದ ಕಳುಹಿಸಿಕೊಡುವ ಮನುಷ್ಯನ ತಾಯಿಯ ಮನೆಗೆ ಹಬ್ಬದ ದಿನ ಹೋಗಬೇಡಿ ಎನ್ನಲು ಯಾವ ಪಾಸ್ಟರಿಗೂ ಅಧಿಕಾರವಿಲ್ಲ. ಅಲ್ಲಿ ಯಾವುದರಲ್ಲಿ ಪಾಲುಗೊಳ್ಳುತ್ತೀರಿ, ಯಾವುದರಿಂದ ದೂರ ನಿಲ್ಲುತ್ತೀರಿ ಎಂಬುದು ನಿಮ್ಮ ಮನಸ್ಸಾಕ್ಷಿಗೂ ನಿಮ್ಮಿಬ್ಬರ ಮಾತುಕತೆಗೂ ಸೇರಿದ್ದು. ಮಗಳ ದೀಕ್ಷಾಸ್ನಾನದ ಬಗ್ಗೆಯೂ ಹಾಗೆಯೇ: ಮೊದಲು ಅವಳ ತಂದೆಯೊಡನೆ ಕುಳಿತು ಮಾತನಾಡಿ, ಆಮೇಲೆ ಸಭಾಪಾಲಕರೊಡನೆ. ಸಂಡೇ ಸ್ಕೂಲಿಗೆ ಮಾತ್ರ ಅವಳನ್ನು ಈ ತಿಂಗಳೇ ಸೇರಿಸಬಹುದು; ಅಲ್ಲಿ ಮಕ್ಕಳು ಯಾವ ಕಡೆಯವರೆಂದು ಕೇಳದೆ ಪರಸ್ಪರ ಕೈ ಹಿಡಿಯುತ್ತಾರೆ, ಅವರನ್ನು ಕರೆದೊಯ್ಯಲು ಬಾಗಿಲಲ್ಲಿ ಕಾಯುವ ತಾಯಂದಿರಿಗೂ ಮಾತನಾಡಲು ಹತ್ತು ನಿಮಿಷ ಸಿಗುತ್ತದೆ.

ಆ ಡಬ್ಬಿಯನ್ನು ಹಿಂತಿರುಗಿಸಿ. ಕೂಟಕ್ಕೆ ಒಯ್ಯಬೇಡಿ, ಆ ಸಹೋದರಿಯ ಮನೆಗೇ ಹೋಗಿ, ಬರಿದಾಗಿ ಬೇಡ. ನಿಮ್ಮ ಕಡೆಯ ಶೇಂಗಾ ಹೋಳಿಗೆ ಮಾಡಿ ತುಂಬಿಸಿಕೊಂಡು ಹೋಗಿ. ಮಗಳ ಜ್ವರ ಅವರ ಗಂಜಿಯಿಂದ ಇಳಿಯಿತೆಂದು ಹೇಳಿ. ಕೂಟಕ್ಕೆ ಇನ್ನು ಬರುವುದಿಲ್ಲವೆಂಬುದನ್ನೂ ಅವರ ಎದುರೇ ಹೇಳಿ, ಕಾಫಿ ಕೊಟ್ಟರೆ ಕುಡಿದು ಬನ್ನಿ.